ಶುಕ್ರವಾರದ ಮಾರಾಟ ವರದಿ: ಫೈಲ್ ಕಳಿಸುವ ಮುನ್ನ
ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆ 5ಕ್ಕೆ ಶಾಖೆಗಳ ಎಕ್ಸೆಲ್ ಫೈಲುಗಳನ್ನೂ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಗ್ರಾಹಕರ ಪಟ್ಟಿಯನ್ನೂ ವರದಿ ತಯಾರಿಸುವ ಸಾಫ್ಟ್‌ವೇರ್ ಪವರ್ ಬಿಐನಲ್ಲಿ ಜೋಡಿಸುತ್ತೇವೆ. ಶಾಖೆಯವರೆಲ್ಲ ಗಮನಿಸಿ.

ಮೊದಲು ಅಪೆಂಡ್, ಅಂದರೆ ಎಲ್ಲ ಶಾಖೆಗಳ ಸಾಲುಗಳನ್ನು ಒಂದರ ಕೆಳಗೊಂದು ಸೇರಿಸುವುದು. ಕಾಲಂ ಹೆಸರು ಒಂದಕ್ಷರ ಬದಲಾದರೂ ಅದು ಬೇರೆ ಕಾಲಂ ಆಗುತ್ತದೆ, ತಲೆಸಾಲು ಮುಟ್ಟಬೇಡಿ.

ಆಮೇಲೆ ಮರ್ಜ್, ಅಂದರೆ ಆ ಸಾಲುಗಳಿಗೆ ಟ್ಯಾಲಿ ಪಟ್ಟಿಯ ಗ್ರಾಹಕರ ವಿವರ ಹೊಂದಿಸುವುದು. ಕೊಂಡಿ ಗ್ರಾಹಕರ ಕೋಡ್ ಮಾತ್ರ, ಹೆಸರಲ್ಲ. ಕೋಡನ್ನು ಟೆಕ್ಸ್ಟ್ ಆಗಿಯೇ ಇಡಿ. ಸಂಖ್ಯೆಯಾದರೆ 00417 ಬರೀ 417 ಆಗಿ ಜೋಡಿ ಸಿಗುವುದಿಲ್ಲ. ಕೊನೆಯಲ್ಲಿ ಉಳಿದ ಸ್ಪೇಸ್, ಇಂಗ್ಲಿಷಿನ ದೊಡ್ಡಕ್ಷರ-ಚಿಕ್ಕಕ್ಷರದ ವ್ಯತ್ಯಾಸ ಇದ್ದರೂ ಅದೇ ಕಥೆ.

ಟ್ಯಾಲಿ ಪಟ್ಟಿಯಲ್ಲಿ ಒಂದೇ ಕೋಡ್ ಎರಡು ಸಲ ಇದ್ದರೆ ಬಿಲ್ಲಿನ ಸಾಲೂ ಎರಡಾಗಿ ಮಾರಾಟದ ಮೊತ್ತ ಉಬ್ಬುತ್ತದೆ. ಎರರ್ ಕೂಡ ಬರುವುದಿಲ್ಲ, ಅದೇ ತಲೆನೋವು. ಅಕೌಂಟ್ಸ್‌ನವರು ಗುರುವಾರವೇ ಸರಿಪಡಿಸಿ.

ಫೈಲ್ ಹಾಕಿದವರು ಸಾಲುಗಳ ಸಂಖ್ಯೆ, ಒಟ್ಟು ಮೊತ್ತ ಎರಡನ್ನೂ ಇಲ್ಲೇ ಬರೆಯಿರಿ. ತಾಳೆ ನೋಡಲು ಬೇಕು.