ವಿಕ್ಟೋರಿಯಾಳನ್ನು ಇಷ್ಟೊಂದು ಕಾಪಾಡಬೇಕಿತ್ತಾ?

ಪ್ರಿಯ ಗೆಳೆಯಾ,

ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಹರೆಯದ ಕಥೆ ಹೇಳುವ ಸಿನಿಮಾ 'ದಿ ಯಂಗ್ ವಿಕ್ಟೋರಿಯಾ' ನೋಡಿದೆ ಅಂತ ಬರೆದಿದ್ದೆ. ಜೊತೆಗೆ ಒಂದೇ ಸಾಲಿನ ತೀರ್ಪು: ಬಟ್ಟೆಬರೆ ಸೊಗಸಾಗಿದೆ, ಕಥೆಯಲ್ಲಿ ಏನೂ ಆಗುವುದಿಲ್ಲ. ನಿನ್ನ ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಇಂಥ ಪ್ರೇಮಕಥೆ ಅಪರೂಪ, ಆಲ್ಬರ್ಟ್‌ನಂಥ ಗಂಡ ಸಿಗಬೇಕು ಅನ್ನುತ್ತಾರೆ. ಇತಿಹಾಸ ಓದಿದವರ ಸಿಟ್ಟು ಬೇರೆಯೇ. ಗುಂಡೇಟಿನ ದೃಶ್ಯ ಬಂದ ಕೂಡಲೇ ಅವರು ತಲೆ ಚಚ್ಚಿಕೊಳ್ಳುತ್ತಾರೆ. ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಆದರೆ ನನ್ನ ತಕರಾರು ಇನ್ನೊಂದು. ಈ ಚಿತ್ರ ನನಗೆ ತುಂಬಾ ಇಷ್ಟ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು 'ಏನೂ ಆಗುವುದಿಲ್ಲ' ಅನ್ನುವ ಮಾತು. ಚಿತ್ರದ ಶುರುವಿನಲ್ಲೇ ಮೆಟ್ಟಿಲು ಇಳಿಯುವ ದೃಶ್ಯ ಬರುತ್ತದಲ್ಲ, ನೆನಪಿದೆಯಾ? ದೊಡ್ಡವರ ಕೈ ಹಿಡಿಯದೆ ಆ ಹುಡುಗಿ ಕೆಳಗಿಳಿಯುವ ಹಾಗಿಲ್ಲ. ಇದು ಸಿನಿಮಾದವರು ಕಟ್ಟಿದ್ದಲ್ಲ. ವಿಕ್ಟೋರಿಯಾ ಹುಟ್ಟಿದ್ದು 1819ರ ಮೇ 24ರಂದು, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ. ಎಂಟು ತಿಂಗಳ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ಅಮ್ಮ, ಅಂದರೆ ಡಚೆಸ್ ಆಫ್ ಕೆಂಟ್, ಮತ್ತು ಆಕೆಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಸರ್ ಜಾನ್ ಕಾನ್ರಾಯ್ ಸೇರಿ ಮಗುವಿನ ಸುತ್ತ ಕಟ್ಟಳೆಗಳ ಬೇಲಿ ಹಾಕಿದರು. 'ಕೆನ್ಸಿಂಗ್ಟನ್ ಪದ್ಧತಿ' ಅಂತ ಅದಕ್ಕೆ ಹೆಸರೇ ಇದೆ. ರಾತ್ರಿ ಅಮ್ಮನ ಕೋಣೆಯಲ್ಲೇ ಮಲಗಬೇಕು. ಯಾರನ್ನೂ ಒಬ್ಬಳೇ ಕಾಣಬಾರದು. ಲೆಕ್ಕ ಸರಳವಾಗಿತ್ತು. ಹದಿನೆಂಟು ತುಂಬುವ ಮೊದಲೇ ಅವಳಿಗೆ ಪಟ್ಟ ಬಂದರೆ ಅಮ್ಮ ರೀಜೆಂಟ್, ಅಂದರೆ ಅವಳ ಪರವಾಗಿ ಆಳುವವಳು, ಆಗುತ್ತಾಳೆ. ಅಮ್ಮ ರೀಜೆಂಟ್ ಅಂದರೆ ಅಧಿಕಾರ ಕಾನ್ರಾಯ್ ಕೈಯಲ್ಲಿ.

1835ರಲ್ಲಿ ಅವಳು ರಾಮ್ಸ್‌ಗೇಟ್‌ನಲ್ಲಿ ಜ್ವರ ಬಂದು ಹಾಸಿಗೆ ಹಿಡಿದಿದ್ದಳು. ಆ ಸ್ಥಿತಿಯಲ್ಲೂ ಕಾನ್ರಾಯ್ ಬಿಡಲಿಲ್ಲ. ತನ್ನನ್ನು ಖಾಸಗಿ ಕಾರ್ಯದರ್ಶಿಯಾಗಿ ಮಾಡಿಕೊಳ್ಳುತ್ತೇನೆ ಅಂತ ಬರೆದುಕೊಡು ಅಂತ ಪೀಡಿಸಿದ. ಹದಿನಾರು ವರ್ಷದ ಹುಡುಗಿ, ಎದ್ದು ಕೂರುವ ಶಕ್ತಿ ಇಲ್ಲ, ಎದುರಿಗೆ ಅಮ್ಮನೇ ಅವನ ಪರ. ಆದರೂ ಸಹಿ ಹಾಕಲಿಲ್ಲ. ಇದಕ್ಕಿಂತ ದೊಡ್ಡ ಘಟನೆ ಬೇಕಾ ನಿನಗೆ?

ರಾಜ ನಾಲ್ಕನೇ ವಿಲಿಯಂನ ಹುಟ್ಟುಹಬ್ಬದ ಔತಣವೂ ನಿಜವೇ. 1836ರ ಆಗಸ್ಟ್‌ನಲ್ಲಿ, ವಿಂಡ್ಸರ್‌ನಲ್ಲಿ ನಡೆದದ್ದು. ತುಂಬಿದ ಸಭೆಯಲ್ಲಿ, ಪಕ್ಕದಲ್ಲೇ ಕೂತ ಡಚೆಸ್‌ಗೆ ಕೇಳುವ ಹಾಗೆ, ಇನ್ನು ಒಂಬತ್ತು ತಿಂಗಳು ನನ್ನನ್ನು ಬದುಕಿಸಿಡು ದೇವರೇ, ಅಧಿಕಾರ ಈಕೆಯ ಕೈಗೆ ಹೋಗದಿರಲಿ ಅಂತ ರಾಜ ಗುಡುಗಿದ. ರಾಜನ ಪಾತ್ರ ಮಾಡಿದ ಜಿಮ್ ಬ್ರಾಡ್‌ಬೆಂಟ್ ಆ ದೃಶ್ಯವನ್ನು ನುಂಗಿ ಹಾಕಿದ್ದಾರೆ. ರಾಜ ಹಟ ಹಿಡಿದು ಬದುಕಿಯೂ ಬದುಕಿದ. ಅವಳಿಗೆ ಹದಿನೆಂಟು ತುಂಬಿ ಒಂದು ತಿಂಗಳಾಗುವುದರೊಳಗೆ, 1837ರ ಜೂನ್ 20ರಂದು ಸತ್ತ. ಬೆಳಗಿನ ಆರರ ಹೊತ್ತಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಬಂದು ಸುದ್ದಿ ಮುಟ್ಟಿಸಿದರು. ಆ ದಿನದ ಡೈರಿಯಲ್ಲಿ ಅವಳು ಮತ್ತೆ ಮತ್ತೆ ಬರೆದುಕೊಂಡ ಮಾತು, ಒಬ್ಬಳೇ ಇದ್ದೆ ಅಂತ. ಮಂತ್ರಿಗಳನ್ನು ಕಂಡಾಗಲೂ ಒಬ್ಬಳೇ. ಅಮ್ಮನ ಕೋಣೆಯಿಂದ ತನ್ನ ಹಾಸಿಗೆಯನ್ನು ಬೇರೆ ಕಡೆ ಹಾಕಿಸಿದಳು. ನನಗೆ ಚಿತ್ರದ ಜೀವ ಇರುವುದು ಇಲ್ಲಿ. ಪ್ರೇಮ ಆಮೇಲೆ. ಮೊದಲು ಆ ಹುಡುಗಿಗೆ ಒಂದು ಕೋಣೆ ಸಿಕ್ಕಿತು.

ರಾಜಕೀಯ ತಲೆಗೆ ಹತ್ತಲಿಲ್ಲ ಅನ್ನುವವರ ದೂರು ನನಗೆ ಅರ್ಥವಾಗುತ್ತದೆ. ಚಿತ್ರ ಇರುವುದೇ ಎರಡು ಗಂಟೆಗೂ ಕಡಿಮೆ. ವಿಗ್, ಟೋರಿ ಅನ್ನುವ ಎರಡು ಪಕ್ಷಗಳು, ಬೆಲ್ಜಿಯಂನ ರಾಜನಾದ ಅವಳ ಸೋದರಮಾವ ಲಿಯೋಪೋಲ್ಡ್, ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ರಾಣಿಯ ಸಖಿಯರ ಜಗಳಕ್ಕೆ ಹೊಸ ಸರ್ಕಾರ ಬರುವುದೇ ನಿಲ್ಲುತ್ತದಾ ಅಂತ ನೀನೂ ಕೇಳಿದ್ದೆ. ನಿಂತಿತು ಕಣೋ. 1839ರ ಮೇ ತಿಂಗಳಲ್ಲಿ ಪ್ರಧಾನಿ ಮೆಲ್ಬರ್ನ್ ಪಾರ್ಲಿಮೆಂಟಿನಲ್ಲಿ ಬರೀ 5 ಮತಗಳ ಅಂತರದಲ್ಲಿ ಬಚಾವಾಗಿ, ಇದು ಸಾಲದು ಅಂತ ರಾಜೀನಾಮೆ ಕೊಟ್ಟ. ಟೋರಿಗಳ ರಾಬರ್ಟ್ ಪೀಲ್ ಸರ್ಕಾರ ಕಟ್ಟಬೇಕಿತ್ತು. ರಾಣಿಯ ಸುತ್ತ ಇದ್ದ ಸಖಿಯರೆಲ್ಲ ವಿಗ್ ಮನೆತನದವರು, ಅವರಲ್ಲಿ ಕೆಲವರನ್ನಾದರೂ ಬದಲಿಸಿ ಅಂತ ಪೀಲ್ ಕೇಳಿದ. ಅವಳು ಒಬ್ಬರನ್ನೂ ಬಿಡೆನು ಅಂದಳು. ಪೀಲ್ ಕೈತೊಳೆದುಕೊಂಡ, ಮೆಲ್ಬರ್ನ್ ವಾಪಸ್ ಬಂದ. ಪೀಲ್ ಕೇಳಿದ್ದರಲ್ಲಿ ನ್ಯಾಯವಿತ್ತು. ರಾಣಿ ಎಲ್ಲರಿಗೂ ಸೇರಿದವಳು, ಒಂದು ಪಕ್ಷಕ್ಕಲ್ಲ. ಆದರೆ ಹದಿನೆಂಟು ವರ್ಷ ಯಾರ ಜೊತೆ ಇರಬೇಕು ಅಂತ ಬೇರೆಯವರೇ ತೀರ್ಮಾನಿಸಿದ ಹುಡುಗಿಯ ಹತ್ತಿರ ಹೋಗಿ, ನಿನ್ನ ಜೊತೆಗಾರರನ್ನು ಬದಲಿಸು ಅಂದರೆ ಅವಳು ಇನ್ನೇನು ಹೇಳುತ್ತಾಳೆ? ಆ ಮೆಟ್ಟಿಲನ್ನು ನೆನಪಿಟ್ಟುಕೊಂಡು ಈ ಭಾಗ ನೋಡು, ಎಲ್ಲ ಬಿಡಿಸಿಕೊಳ್ಳುತ್ತದೆ.

ಮೆಲ್ಬರ್ನ್ ವಿಷಯದಲ್ಲಿ ನೋಡಿದವರ ಅಭಿಪ್ರಾಯ ಸೀಳಿಹೋಗಿದೆ. ಆ ಪಾತ್ರ ಮಾಡಿದ ಪಾಲ್ ಬೆಟ್ಟನಿ ಚೆಲುವ, ಮಾತುಗಾರ. ರಾಣಿ ಇವನನ್ನೇ ಮದುವೆಯಾಗಬಾರದಿತ್ತಾ ಅಂತ ಕೇಳುವವರೂ ಇದ್ದಾರೆ. 2016ರಲ್ಲಿ ಬಂದ ಟಿವಿ ಧಾರಾವಾಹಿಯಲ್ಲಿ ರೂಫಸ್ ಸೆವೆಲ್ ಅದೇ ಪಾತ್ರ ಮಾಡಿದ ಮೇಲೆ ಈ ಆಸೆ ಇನ್ನೂ ಜಾಸ್ತಿಯಾಯಿತು. ಆದರೆ 1837ರಲ್ಲಿ ನಿಜವಾದ ಮೆಲ್ಬರ್ನ್‌ಗೆ 58 ವರ್ಷ. ಹೆಂಡತಿ ಹೋಗಿದ್ದಳು. ಇದ್ದ ಒಬ್ಬ ಮಗ ಹಿಂದಿನ ವರ್ಷವೇ ತೀರಿಕೊಂಡಿದ್ದ. ಮಗನನ್ನು ಕಳೆದುಕೊಂಡ ಮುದುಕ, ಅಪ್ಪನ ಮುಖದ ನೆನಪೇ ಇಲ್ಲದೆ ಬೆಳೆದ ಹುಡುಗಿ. ಇವರಿಬ್ಬರು ದಿನವೂ ಗಂಟೆಗಟ್ಟಲೆ ಕೂತು ಮಾತಾಡುತ್ತಿದ್ದರು. ಅವನನ್ನು ಇಪ್ಪತ್ತು ವರ್ಷ ಚಿಕ್ಕವನಾಗಿ ಮಾಡಿದಾಗ ಅದು ಆಲ್ಬರ್ಟ್‌ಗೆ ಒಬ್ಬ ಎದುರಾಳಿ ಅನ್ನುವಷ್ಟಕ್ಕೆ ಇಳಿಯುತ್ತದೆ. ಇನ್ನೊಂದು ವಿಷಯ ಹೇಳಲೇಬೇಕು. ಈ ಮೆಲ್ಬರ್ನ್ 1834ರಲ್ಲಿ ಗೃಹಮಂತ್ರಿಯಾಗಿದ್ದಾಗಲೇ ಟಾಲ್‌ಪಡಲ್ ಹಳ್ಳಿಯ ಆರು ಜನ ಕೂಲಿಗಳನ್ನು, ಸಂಘ ಕಟ್ಟಿ ಪ್ರಮಾಣ ಮಾಡಿದರು ಅನ್ನುವ ಕಾರಣಕ್ಕೆ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದ್ದು. ಚೀನಾದ ಮೇಲೆ ಅಫೀಮಿನ ಯುದ್ಧ ಶುರುವಾಗಿದ್ದೂ ಇವನ ಸರ್ಕಾರದ ಕಾಲದಲ್ಲೇ, 1839ರಲ್ಲಿ. ಸಾಮ್ರಾಜ್ಯ ಎಲ್ಲಿ, ಬಡವರು ಎಲ್ಲಿ ಅಂತ ಕೇಳುವ ನೋಡುಗರನ್ನು ಹಾಗಾಗಿ ನಾನು ಸುಮ್ನೆ ತಳ್ಳಿಹಾಕಲಾರೆ. ಈ ಚಿತ್ರ ಅರಮನೆಯ ಕಿಟಕಿಯಿಂದ ಆಚೆ ನೋಡುವುದು ತುಂಬಾ ಕಡಿಮೆ.

ಈಗ ನನ್ನ ನಿಜವಾದ ತಕರಾರು. ಈ ಚಿತ್ರದಲ್ಲಿ ಬೆಳೆಯದೇ ಹೋದ ಒಂದು ಹೆಸರಿದೆ, ಲೇಡಿ ಫ್ಲೋರಾ ಹೇಸ್ಟಿಂಗ್ಸ್. ಡಚೆಸ್‌ನ ಸಖಿ, ಮದುವೆಯಾಗದ ಹೆಣ್ಣು. 1839ರ ಶುರುವಿನಲ್ಲಿ ಅವಳ ಹೊಟ್ಟೆ ಉಬ್ಬತೊಡಗಿತು. ಬಸುರಿ ಇರಬೇಕು, ಕಾರಣ ಕಾನ್ರಾಯ್ ಅಂತ ಅರಮನೆಯಲ್ಲಿ ಗುಸುಗುಸು ಎದ್ದಿತು. ಆ ಸಂಶಯವನ್ನು ಡೈರಿಯಲ್ಲಿ ಬರೆದವರಲ್ಲಿ ರಾಣಿಯೂ ಒಬ್ಬಳು. ಕೊನೆಗೆ ಫ್ಲೋರಾ ವೈದ್ಯರ ಪರೀಕ್ಷೆಗೆ ಮೈ ಒಡ್ಡಬೇಕಾಯಿತು. ಅವಳು ಕನ್ಯೆ ಅಂತ ವೈದ್ಯರು ಬರೆದುಕೊಟ್ಟರು. ಜುಲೈನಲ್ಲಿ ಅವಳು ಸತ್ತಳು. ಹೊಟ್ಟೆಯಲ್ಲಿದ್ದದ್ದು ಯಕೃತ್ತಿನ ಗೆಡ್ಡೆ. ಜನ ರಾಣಿಯನ್ನು ಕ್ಷಮಿಸಲಿಲ್ಲ. ಆ ಬೇಸಿಗೆಯಲ್ಲಿ ಆಸ್ಕಟ್ ಕುದುರೆ ಪಂದ್ಯಕ್ಕೆ ಹೋದಾಗ ಅವಳ ಮುಖದ ಮೇಲೇ ಛೀಮಾರಿ ಹಾಕಿದರು.

ಬೇಲಿಯೊಳಗೆ ಬೆಳೆದ ಹುಡುಗಿ ಅಧಿಕಾರ ಸಿಕ್ಕ ಎರಡೇ ವರ್ಷಕ್ಕೆ ಇನ್ನೊಂದು ಹೆಣ್ಣಿನ ಮಾನವನ್ನು ಅಂಗಳದಲ್ಲಿ ಹರಾಜಿಗೆ ಬಿಟ್ಟಳು. ಕಾನ್ರಾಯ್ ಮೇಲಿನ ದ್ವೇಷ ಅವಳ ಕಣ್ಣು ಕಟ್ಟಿತ್ತು. ಇದನ್ನು ಹೇಳಿದ್ದರೆ ನಾವು ಅವಳನ್ನು ಪ್ರೀತಿಸುತ್ತಿರಲಿಲ್ಲ ಅಂತ ಚಿತ್ರ ಮಾಡಿದವರು ಅಂದುಕೊಂಡರೇನೋ. ನಾನಂತೂ ಹೆಚ್ಚೇ ಪ್ರೀತಿಸುತ್ತಿದ್ದೆ. ಇಪ್ಪತ್ತು ವರ್ಷದವಳ ಕೈಗೆ ಅಷ್ಟು ಅಧಿಕಾರ ಕೊಟ್ಟರೆ ಹೀಗೂ ಆಗುತ್ತದೆ. ಆ ವರ್ಷದ ಕೊನೆಗೆ ಅವಳಿಗೆ ಆಲ್ಬರ್ಟ್ ಯಾಕೆ ಅಷ್ಟು ಬೇಕಾದ ಅನ್ನುವುದೂ ಆಗ ಸರಿಯಾಗಿ ತಿಳಿಯುತ್ತಿತ್ತು. ಚಿತ್ರದಲ್ಲಿ ಅವಳು ಒಂಟಿಯಾಗಿ, ದಣಿದು ಅವನನ್ನು ಕರೆಸಿಕೊಳ್ಳುತ್ತಾಳೆ. ನಿಜದಲ್ಲಿ ಅವಳ ಹೆಸರೇ ಕೆಟ್ಟಿತ್ತು.

ಪ್ರೇಮದ ಭಾಗವನ್ನು ಮಾತ್ರ ಚಿತ್ರ ಚೆನ್ನಾಗಿ ಕಟ್ಟಿದೆ, ಇಲ್ಲಿ ಮೆಚ್ಚುವವರ ಪಕ್ಷ ನಾನು. ಚದುರಂಗದ ದೃಶ್ಯ ನೋಡು. ನಾನೇ ಒಂದು ಕಾಯಿ ಅನ್ನಿಸುತ್ತದೆ ಅಂತ ಅವಳು ಹೇಳಿದಾಗ, ನಿನ್ನ ಪರವಾಗಿ ಆಡುವ ಗಂಡ ಬೇಡ, ನಿನ್ನ ಜೊತೆ ಆಡುವ ಗಂಡ ಬೇಕು ಅನ್ನುವ ಅರ್ಥದ ಮಾತು ಆಲ್ಬರ್ಟ್ ಆಡುತ್ತಾನೆ. ರೂಪರ್ಟ್ ಫ್ರೆಂಡ್ ಅದನ್ನು ಒಂಚೂರೂ ಹೀರೋಗಿರಿ ಇಲ್ಲದೆ ಹೇಳುತ್ತಾರೆ. ಮದುವೆ ಕೇಳುವ ದೃಶ್ಯ ಇನ್ನೂ ಚೆಂದ. ರಾಣಿಯನ್ನು ಮದುವೆಯಾಗು ಅಂತ ಬೇರೆಯವರು ಕೇಳುವ ಹಾಗಿಲ್ಲ, ಅವಳೇ ಕೇಳಬೇಕು. 1839ರ ಅಕ್ಟೋಬರ್ 15ರಂದು ವಿಂಡ್ಸರ್‌ನಲ್ಲಿ ಅವಳೇ ಕೇಳಿದಳು. ಎಮಿಲಿ ಬ್ಲಂಟ್ ಆ ಕ್ಷಣದಲ್ಲಿ ಅರ್ಧ ರಾಣಿ, ಅರ್ಧ ಪರೀಕ್ಷೆ ಬರೆಯಲು ಕೂತ ಹುಡುಗಿ. ಮಾತು ಬೇಗ ಬೇಗ ಬರುತ್ತದೆ, ನಡುವೆ ಉಸಿರು ಸಿಕ್ಕಿಕೊಳ್ಳುತ್ತದೆ.

ಬಟ್ಟೆಯ ಬಗ್ಗೆ ನೀನು ಹೇಳಿದ್ದು ಸರಿ. ವಸ್ತ್ರ ವಿನ್ಯಾಸ ಮಾಡಿದ ಸ್ಯಾಂಡಿ ಪೊವೆಲ್‌ಗೆ ಅದಕ್ಕೇ ಆಸ್ಕರ್ ಬಂತು. ಅಷ್ಟು ಸಾಕು ಅದರ ಬಗ್ಗೆ.

ಮದುವೆ ಆದ ಮೇಲಿನ ತಿಕ್ಕಾಟ ನನಗೆ ಇನ್ನೂ ಬೇಕಿತ್ತು. 1840ರ ಫೆಬ್ರವರಿ 10ರಂದು ಮದುವೆ. ಅದಕ್ಕೂ ಮೊದಲೇ ಪಾರ್ಲಿಮೆಂಟ್ ಆಲ್ಬರ್ಟ್‌ಗೆ ವರ್ಷಕ್ಕೆ 50,000 ಪೌಂಡ್ ಕೊಡುವ ಪ್ರಸ್ತಾಪವನ್ನು 30,000ಕ್ಕೆ ಇಳಿಸಿ ಅವನ ಮುಖಕ್ಕೆ ಹೊಡೆದ ಹಾಗೆ ಮಾಡಿತ್ತು. ಮದುವೆಯಾದ ಮೇಲೆ ವಿಂಡ್ಸರ್‌ನಲ್ಲಿ ಇನ್ನೂ ಕೆಲವು ದಿನ ಇರೋಣ ಅಂತ ಅವನು ಬಯಸಿದರೆ, ನಾನು ದೇಶ ಆಳುವವಳು, ಕೆಲಸ ಯಾರಿಗಾಗಿಯೂ ಕಾಯುವುದಿಲ್ಲ ಅನ್ನುವ ಧಾಟಿಯಲ್ಲಿ ಅವಳು ಕಾಗದ ಬರೆದಳು. ನಾನು ಗಂಡ ಮಾತ್ರ, ಯಜಮಾನನಲ್ಲ ಅಂತ ಅವನು ಮೇ ತಿಂಗಳಲ್ಲಿ ಗೆಳೆಯನೊಬ್ಬನಿಗೆ ತೋಡಿಕೊಂಡ. ಗಟ್ಟಿ ಜಗಳ ಅಲ್ವಾ? ಇಬ್ಬರೂ ಸರಿ, ಇಬ್ಬರೂ ನೊಂದವರು.

ಇಂಥ ಜಗಳವನ್ನು ಚಿತ್ರ ಒಂದು ಗುಂಡಿನಲ್ಲಿ ಮುಗಿಸಿಬಿಡುತ್ತದೆ. ಆಲ್ಬರ್ಟ್ ಅಡ್ಡ ಬರುತ್ತಾನೆ, ತೋಳಿಗೆ ಗಾಯ, ರಾಣಿಯ ಕಣ್ಣಲ್ಲಿ ನೀರು, ಆಮೇಲೆ ರಾಜಕೆಲಸಕ್ಕೆ ಕೂರಲು ಅವನಿಗೆ ಅವಳ ಪಕ್ಕದಲ್ಲೇ ಮೇಜು. ನಡೆದದ್ದು ಬೇರೆ. 1840ರ ಜೂನ್ 10ರಂದು ಕಾನ್‌ಸ್ಟಿಟ್ಯೂಷನ್ ಹಿಲ್‌ನಲ್ಲಿ ಎಡ್ವರ್ಡ್ ಆಕ್ಸ್‌ಫರ್ಡ್ ಎಂಬ ಹುಡುಗ ತೆರೆದ ಗಾಡಿಯತ್ತ ಎರಡು ಪಿಸ್ತೂಲು ಹಾರಿಸಿದ್ದು ನಿಜ. ಯಾರಿಗೂ ತಾಗಲಿಲ್ಲ. ಆಲ್ಬರ್ಟ್‌ಗೆ ಒಂದು ಗೀರೂ ಆಗಲಿಲ್ಲ. ರಾಣಿ ಆಗ ನಾಲ್ಕು ತಿಂಗಳ ಬಸುರಿ. ಅವರು ಅರಮನೆಗೆ ಓಡಿ ಬಾಗಿಲು ಹಾಕಿಕೊಳ್ಳಲಿಲ್ಲ. ಅದೇ ಗಾಡಿಯಲ್ಲಿ ಮುಂದೆ ಹೋಗಿ ಡಚೆಸ್‌ನ ಮನೆಯಲ್ಲಿ ಇಳಿದರು. ನಿಮ್ಮ ಮೇಲಿನ ನಂಬಿಕೆ ಹೋಗಿಲ್ಲ ಅಂತ ಜನರಿಗೆ ತೋರಿಸುವ ಹಾಗೆ ಮತ್ತೆ ಪಾರ್ಕಿನಲ್ಲಿ ಸುತ್ತಿದರು.

ಹೇಳು, ಯಾವುದು ದೊಡ್ಡ ದೃಶ್ಯ? ಬಸುರಿ ಹೆಂಗಸು ಗುಂಡಿನ ಸದ್ದು ಕೇಳಿದ ಮೇಲೂ ತೆರೆದ ಗಾಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದು ನನಗೆ ದೊಡ್ಡದು. ಇತಿಹಾಸ ತಪ್ಪಾಯಿತು ಅಂತ ಸಿಟ್ಟಾಗುವವರಿಗೆ ನಾನು ಹೇಳುವುದು ಇದನ್ನೇ. ಬರೀ ತಪ್ಪಾಗಿದ್ದರೆ ಪರವಾಗಿಲ್ಲ, ಚಿತ್ರಕ್ಕೆ ಅಷ್ಟು ಸ್ವಾತಂತ್ರ್ಯ ಇರಲಿ. ಆದರೆ ಅವಳ ಧೈರ್ಯವನ್ನು ತೆಗೆದು ಗಂಡನಿಗೆ ಕೊಟ್ಟರು. ಫ್ಲೋರಾ ವಿಷಯದಲ್ಲಿ ಅವಳ ತಪ್ಪನ್ನು ತೆಗೆದರು, ಇಲ್ಲಿ ಶೌರ್ಯವನ್ನು. ಅವಳನ್ನು ಕಾಪಾಡಲು ಹೋಗಿ ಎರಡು ಸಲ ಚಿಕ್ಕವಳನ್ನಾಗಿ ಮಾಡಿದರು. ಕೆನ್ಸಿಂಗ್ಟನ್‌ನಲ್ಲಿ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದವರೂ ಕಾಪಾಡುತ್ತಿದ್ದೇವೆ ಅಂತಲೇ ಹೇಳುತ್ತಿದ್ದರು.

ಆ ಮೇಜು ಆಲ್ಬರ್ಟ್‌ಗೆ ಹತ್ತಿರವಾಗಿದ್ದು ಹೇಗೆ ಗೊತ್ತಾ? ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದ ಕಾಲ ಅದು. ರಾಣಿ ಸತ್ತು ಮಗು ಉಳಿದರೆ ಆಳುವವರು ಯಾರು ಅನ್ನುವ ಪ್ರಶ್ನೆ ಎದ್ದಿತು. ಆ ಆಗಸ್ಟ್‌ನಲ್ಲಿ ಆಲ್ಬರ್ಟ್‌ನನ್ನೇ ರೀಜೆಂಟ್ ಅಂತ ಹೆಸರಿಸುವ ಕಾನೂನು ಬಂತು. ರೀಜೆಂಟ್ ಅನ್ನುವ ಅದೇ ಸ್ಥಾನಕ್ಕಾಗಿ ಕಾನ್ರಾಯ್ ಅವಳ ಬಾಲ್ಯವನ್ನೇ ಹಿಂಡಿದ್ದ. ಈಗ ಅದು ಅವಳೇ ಆರಿಸಿಕೊಂಡ ಗಂಡನ ಪಾಲಿಗೆ ಬಂತು. ಕಥೆಯ ಎರಡು ತುದಿ ತಾನಾಗಿ ಕೂಡಿಕೊಳ್ಳುತ್ತಿತ್ತು, ಗುಂಡೇಟು ಬೇಕೇ ಇರಲಿಲ್ಲ.

ಪ್ರೇಮಕ್ಕಾಗಿ ಈ ಚಿತ್ರ ನೋಡುವವರನ್ನು ನಾನು ತಡೆಯುವುದಿಲ್ಲ, ಅದು ನಿಜವಾದ ಪ್ರೇಮವೇ ಆಗಿತ್ತು. ಒಂಬತ್ತು ಮಕ್ಕಳಾದರು. 1861ರಲ್ಲಿ ಅವನು ಹೋದ ಮೇಲೆ ಅವಳು ಉಳಿದ ಸುಮಾರು ನಲವತ್ತು ವರ್ಷ ಕಪ್ಪು ಬಟ್ಟೆ ಬಿಡಲಿಲ್ಲ. ನೀನು ಮಾತ್ರ ಇನ್ನೊಂದು ಸಲ ನೋಡು. ಔತಣದಿಂದ ಶುರು ಮಾಡಿ ಸಖಿಯರ ಜಗಳದವರೆಗೆ ನೋಡಿದರೂ ಸಾಕು. ಮೆಲ್ಬರ್ನ್ ಬಗ್ಗೆ ನಾನು ಹೇಳಿದ್ದನ್ನು ನೀನು ಒಪ್ಪುವುದಿಲ್ಲ ಅಂತ ಗೊತ್ತು. ಯಾಕೆ ಒಪ್ಪುವುದಿಲ್ಲ ಅಂತ ವಿವರವಾಗಿ ಬರೆ, ಈ ಸಲ ಒಂದೇ ಸಾಲು ನಡೆಯುವುದಿಲ್ಲ.

ಪ್ರೀತಿಯಿಂದ,
ನಿನ್ನ ಗೆಳೆಯ