ಅಜ್ಜನ ವೆನಿಸ್ ಸಿಕ್ತು ಕಣೋ

ಮಾರಾಯ,

ನೀನು ಕಳಿಸಿದ ಅಜ್ಜನ ಡಿಸ್ಚಾರ್ಜ್ ಬುಕ್ಕಿನ (ಹಡಗು ಕೆಲಸಗಾರರು ಯಾವ ಹಡಗು ಹತ್ತಿ ಎಲ್ಲಿ ಇಳಿದ್ರು ಅಂತ ಬರೆಯೋ ಪುಸ್ತಕ) ಫೋಟೋಗಳನ್ನ ಮೂರು ದಿನದಿಂದ ಜೂಮ್ ಮಾಡಿ ಮಾಡಿ ನೋಡ್ತಾ ಇದೀನಿ, ಇವತ್ತು ಬೆಳಿಗ್ಗೆ ನಾಲ್ಕನೇ ಪುಟದ ಸೀಲು ಓದೋಕೆ ಬಂತು. ಯುದ್ಧದಾಗೆ ನಾನು ವೆನಿಸ್‌ನಾಗಿದ್ದೆ ಅಂತ ಅಜ್ಜ ಹೇಳ್ತಿದ್ರಲ್ಲ, ನಾವೆಲ್ಲ ಇಟಲಿ ಊರು ಅಂದ್ಕೊಂಡಿದ್ವಿ. ಊರಲ್ಲ ಕಣೋ, ಹಡಗು! 'ಸಿಟಿ ಆಫ್ ವೆನಿಸ್', ಎಲ್ಲರ್‌ಮನ್ ಅನ್ನೋ ಬ್ರಿಟಿಷ್ ಹಡಗು ಕಂಪನೀದು, 1924ರಲ್ಲಿ ಕಟ್ಟಿದ್ದು.

ಹೆಸರೊಂದನ್ನೇ ನಂಬಿ ಹುಡುಕಿದ್ರೆ ಕೆಲಸ ಕೆಡತ್ತೆ, ಒಂದೇ ಹೆಸರಲ್ಲಿ ಎಷ್ಟೋ ಹಡಗು ಇರ್ತವೆ. ಅದಕ್ಕೇ ಹೆಸರಿನ ಪಕ್ಕದ ಅಫಿಶಿಯಲ್ ನಂಬರ್ ಹಿಡ್ಕೊಂಡೆ. ಬ್ರಿಟಿಷ್ ರಿಜಿಸ್ಟರಲ್ಲಿ ಇರೋ ತನಕ ಹಡಗಿನ ಹೆಸರು ಬದಲಾದ್ರೂ ಆ ನಂಬರ್ ಬದಲಾಗಲ್ಲ. ಹಡಗುಗಳ ವಿವರ ಇರೋ ಲಾಯ್ಡ್ಸ್ ರಿಜಿಸ್ಟರ್ ಪಟ್ಟಿ ಜೊತೆ ತಾಳೆ ನೋಡ್ದೆ, ಸರಿ ಬಂತು.

ಈಗ ಬುಕ್ಕಲ್ಲಿ ಆ ಹಡಗಿನ ಸಾಲಿನ ಕೊನೆ ನೋಡು. ಬೇರೆ ಸಾಲುಗಳಲ್ಲೆಲ್ಲ ಇಳಿದ ಜಾಗ ಬಾಂಬೆ ಅಂತಿದೆ, ಇಲ್ಲಿ ಮಾತ್ರ 'ಸಮುದ್ರದಲ್ಲಿ' ಅಂತ ಇಂಗ್ಲಿಷಲ್ಲಿ ಬರ್ದಿದಾರೆ, ತಾರೀಕು 1943 ಜುಲೈ 4. ನಂಗೆ ಕೈ ತಣ್ಣಗಾಯ್ತು ಕಣೋ. ಸಿಸಿಲಿ ದಾಳಿಗೆ ಕೆನಡಾ ಸೈನಿಕರನ್ನ, ಅವರ ಗಾಡಿ ಫಿರಂಗಿಗಳನ್ನ ಹೊತ್ಕೊಂಡು ಹೋಗ್ತಿದ್ದ ಹಡಗನ್ನ ಅವತ್ತು ಅಲ್ಜೀರಿಯಾ ಕರಾವಳಿ ಹತ್ರ ಒಂದು ಜರ್ಮನ್ ಸಬ್‌ಮರೀನ್ ಟಾರ್ಪೆಡೊ ಹೊಡೆದು ಮುಳುಗಿಸ್ತು. ಅಜ್ಜ ನೀರಿಗೆ ಬಿದ್ದೋರು. ಅದನ್ನ ಒಂದು ದಿನಾನೂ ಬಾಯಿಬಿಟ್ಟು ಹೇಳ್ಲಿಲ್ಲ. ಕೆಳಗಿನ ಸಾಲು ಇನ್ನೂ ಸಂಕಟ, ನಾಲ್ಕೇ ತಿಂಗಳಿಗೆ ಬಾಂಬೆಯಲ್ಲಿ ಮತ್ತೆ ಖಲಾಸಿ ಅಂತ ಸೈನ್ ಆನ್ ಆಗಿದಾರೆ, ಅಂದ್ರೆ ಇನ್ನೊಂದು ಹಡಗಿನ ಕೆಲಸಕ್ಕೆ ಸೇರಿದಾರೆ.

ಆ ಯುದ್ಧದಲ್ಲಿ ಸುಮಾರು 6,600 ಭಾರತೀಯ ಹಡಗು ಕೆಲಸಗಾರರು ಸತ್ರು, ಬಿಳಿಯರಿಗಿಂತ ತುಂಬಾ ಕಮ್ಮಿ ಸಂಬಳಕ್ಕೆ. ನಮ್ಮ ಶಾಲೆ ಪುಸ್ತಕದಲ್ಲಿ ಒಂದು ಸಾಲೂ ಇರ್ಲಿಲ್ಲ, ಅದು ನಂಗೆ ಸಿಟ್ಟು ತರಿಸತ್ತೆ.

ಲಂಡನ್ನಿನ ಕ್ಯೂನಲ್ಲಿರೋ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಹಡಗಿನ ಓಡಾಟದ ಕಾರ್ಡು ಇರತ್ತೆ, ಸಿಬ್ಬಂದಿ ಒಪ್ಪಂದದ ಹಾಳೆಗಳೂ ನಂಬರ್ ಪ್ರಕಾರ ಜೋಡಿಸಿಟ್ಟಿದಾರೆ, ಉಳಿದಿದ್ರೆ ಅಜ್ಜನ ಹೆಬ್ಬೆಟ್ಟಿನ ಗುರುತೇ ಸಿಗ್ಬಹುದು. ನಾಳೆ ಬರೀತೀನಿ. ನೀನು ಐದನೇ ಪುಟನ ಬಿಸಿಲಲ್ಲಿ ಹಿಡಿದು ಮತ್ತೊಂದು ಫೋಟೋ ತೆಗಿ, ಶಾಯಿ ಮಾಸಿ ಅಲ್ಲಿರೋ ಇನ್ನೊಂದು ಹಡಗಿನ ನಂಬರಿನ ಕೊನೇ ಎರಡಂಕಿ ಕಾಣ್ತಿಲ್ಲ. ಬುಕ್ಕಿಗೆ ಲ್ಯಾಮಿನೇಶನ್ ಮಾತ್ರ ಮಾಡಿಸ್ಬೇಡ. ಮತ್ತೆ ಅಮ್ಮಂಗೆ ಇವತ್ತೇ ಹೇಳು, ಅವರಪ್ಪ ವೆನಿಸ್‌ನಾಗೇ ಇದ್ರು ಅಂತ.

ನಿನ್ನ ಗೆಳೆಯ