ರೇಡಿಯೇಟರಿಗೆ ಸವಳು ನೀರು ಬೇಡ

ಸಂಪಾದಕರಿಗೆ,

ಮಾನ್ಯರೆ,

ಏಪ್ರಿಲ್ ಬಂತೆಂದರೆ ಕಲಬುರಗಿಯಿಂದ ಹುಮನಾಬಾದ್, ಜೇವರ್ಗಿ, ಸೇಡಂ ಕಡೆಗೆ ಹೋಗುವ ರಸ್ತೆಗಳ ಬದಿಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳು ಕಾಣತೊಡಗುತ್ತವೆ. ಈ ಊರಿನಲ್ಲಿ ಬಹಳ ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿರುವ ನಾನು ಕಂಡಂತೆ, ಎಂಜಿನ್ ಹೀಟ್ ಆದಾಗ ಗಾಡಿಯ ಮಾಲೀಕರು ಬಿಸಿಲನ್ನು ದೂರುತ್ತಾರೆ. ಎಂಜಿನ್ ಸುತ್ತಿ ಕಾದು ಬರುವ ನೀರನ್ನು ತಣಿಸುವ ರೇಡಿಯೇಟರನ್ನು ನಾವು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಮಾತ್ರ ಸುಣ್ಣ.

ನಮ್ಮದು ಸುಣ್ಣದ ಕಲ್ಲಿನ ನಾಡು. ಶಹಾಬಾದ್ ಕಲ್ಲು ಮನೆಮನೆಗೂ ಗೊತ್ತು, ವಾಡಿ ಮತ್ತು ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಕಲ್ಲಿನ ಆಸರೆಯಿಂದಲೇ. ಅದೇ ಕಲ್ಲಿನ ಪದರಗಳ ನಡುವಿನಿಂದ ಬರುವ ಬೋರ್‌ವೆಲ್ ನೀರು ಸ್ನಾನದ ಹಂಡೆಯಲ್ಲೂ ಗೀಸರ್ ಕಾಯಿಲ್‌ನಲ್ಲೂ ಬಿಳಿ ಪೊರೆ ಕಟ್ಟುವುದನ್ನು ದಿನವೂ ಕಾಣುವ ನಾವು, ಅದನ್ನೇ ಕೊಡದಲ್ಲಿ ತಂದು ರೇಡಿಯೇಟರಿಗೆ ಸುರಿಯುತ್ತೇವೆ. ಹಂಡೆಯನ್ನು ತಿಕ್ಕಿ ತೊಳೆಯಬಹುದು. ರೇಡಿಯೇಟರಿನ ನಳಿಗೆಗಳ ಒಳದಾರಿಯಾದರೋ ಬಹಳ ಕಿರಿದು. ಅಲ್ಲಿ ಸುಣ್ಣ ಕಟ್ಟಿತೆಂದರೆ ನೀರು ಹರಿಯುವುದೂ ಕಡಿಮೆಯಾಗುತ್ತದೆ, ಹರಿದ ನೀರಿನ ಬಿಸಿ ಹೊರಗಿನ ಗಾಳಿಗೆ ದಾಟುವುದೂ ಕಡಿಮೆಯಾಗುತ್ತದೆ.

ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟ್ ಎಂಬ ದ್ರವ ಹಿಮ ಬೀಳುವ ದೇಶದವರಿಗೆ ಬೇಕಾದದ್ದು, ನಮಗೇಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಬರಿ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಡಿಸ್ಟಿಲ್ಡ್ ವಾಟರ್ (ಸುಣ್ಣದಂಥ ಲವಣಗಳನ್ನು ತೆಗೆದ ನೀರು) ಮತ್ತು ಕೂಲಂಟ್ ಅರ್ಧರ್ಧ ಬೆರೆಸಿ, ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳ ಹಾಕಿದರೆ 120 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿಗೂ ನೀರು ಸುತ್ತಿಸುವ ವಾಟರ್ ಪಂಪಿಗೂ ತುಕ್ಕು ತಿನ್ನದಂತೆ ಕಾಯುವ ರಾಸಾಯನಿಕಗಳೂ ಅದರಲ್ಲಿರುತ್ತವೆ. ಹೊರಗೆ 43 ಡಿಗ್ರಿ ಬಿಸಿಲಿರುವ ಊರಿಗೆ ಇದು ಬೇಡವೆಂದರೆ ಇನ್ನಾರಿಗೆ ಬೇಕು?

ಗಾಡಿ ಒಮ್ಮೆ ಹೀಟ್ ಆದ ಮೇಲೆ ಆಗುವ ತಪ್ಪುಗಳ ಬಗೆಗೂ ಹೇಳಬೇಕಾಗಿದೆ. ಕಳೆದ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದ ಕಾರೊಂದಕ್ಕೆ ಬೇರೊಂದು ಕಡೆ ಹೆಡ್ ಬಿಚ್ಚಿ, ಅದರಡಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬದಲಿಸಿ, ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದುಹಾಕಿದ್ದರು. ಆದರೂ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಜನಜಂಗುಳಿಯಲ್ಲಿ ಎಂಜಿನ್ ಕಾವು ತೋರುವ ಮುಳ್ಳು ಏರುವುದು ತಪ್ಪಿರಲಿಲ್ಲ. ಕೆಟ್ಟಿದ್ದದ್ದು ರೇಡಿಯೇಟರ್ ಫ್ಯಾನಿಗೆ ಕರೆಂಟ್ ಹರಿಸುವ ಸ್ವಿಚ್ಚು, ಅಂದರೆ ರಿಲೇ. ನಿಂತಾಗ ಮತ್ತು ಊರೊಳಗೆ ನಿಧಾನ ಹೋಗುವಾಗ ಮಾತ್ರ ಮುಳ್ಳು ಏರಿ, ಹೆದ್ದಾರಿಯಲ್ಲಿ ಇಳಿದರೆ ಮೊದಲು ಫ್ಯಾನನ್ನು ಸಂಶಯಿಸಬೇಕು: ಏಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಅದು ತಿರುಗಲೇಬೇಕು, ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರು ನೋಡಬೇಕು, ಏಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಸೆನ್ಸರ್ ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ ಹೆದ್ದಾರಿಯ ವೇಗದಲ್ಲೇ ಮುಳ್ಳು ಏರಿದರೆ, ಅಲ್ಲಿ ಗಾಳಿಗೆ ಕೊರತೆಯಿಲ್ಲವಾದ್ದರಿಂದ, ಕೂಲಂಟ್ ಕಡಿಮೆಯಾಗಿದೆಯೇ, ರೇಡಿಯೇಟರ್ ಕಟ್ಟಿಕೊಂಡಿದೆಯೇ, ಪಂಪ್ ಸೋತಿದೆಯೇ, ಥರ್ಮೋಸ್ಟಾಟ್ ತೆರೆಯುತ್ತಿದೆಯೇ ಎಂದು ಹುಡುಕಬೇಕು. ತೊಗರಿ ರಾಶಿಯ ಹೊಟ್ಟು, ಧೂಳು ರೇಡಿಯೇಟರಿನ ಮುಂಭಾಗಕ್ಕೆ ಮೆತ್ತಿಕೊಂಡಿರುವುದೂ ನಮ್ಮ ಕಡೆ ಅಪರೂಪವಲ್ಲ. ಎಂಜಿನ್ ಕಾದ ಮೇಲೂ ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗೇ ಇದ್ದರೆ ನೀರು ಸುತ್ತುತ್ತಿಲ್ಲವೆಂದೇ ಅರ್ಥ. ಎಲ್ಲಿಯೂ ಸೋರದೆ ಕೂಲಂಟ್ ಮಾಯವಾಗುವುದು, ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಚಹಾದಂಥ ಜಿಡ್ಡು, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆಗಳು — ಇವು ಕಂಡಾಗಷ್ಟೇ ಹೆಡ್ಡಿನ ಮಾತು.

ಥರ್ಮೋಸ್ಟಾಟ್ ಸುಮಾರು 82ರಿಂದ 88 ಡಿಗ್ರಿಯಲ್ಲಿ ತೆರೆದುಕೊಳ್ಳುವ ಕವಾಟ. ನಮ್ಮ ಬಿಸಿಲಿಗೆ ಅದು ಬೇಡವೆಂದು ಕಿತ್ತು ಹಾಕುವುದು ರೂಢಿಯಾಗಿಬಿಟ್ಟಿದೆ. ಅದಿಲ್ಲದೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಇಂಧನ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸ್ ದಾರಿಯಲ್ಲೇ ಮರಳಿ, ಕಾವು ಇನ್ನಷ್ಟು ಏರುತ್ತದೆ. ಸಹೋದ್ಯೋಗಿ ಮಿತ್ರರು ಈ ರೂಢಿಯನ್ನು ದಯವಿಟ್ಟು ಬಿಡಬೇಕು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಗಾಡಿಯನ್ನು ಬದಿಗೆ ತಂದು ಎಂಜಿನ್ ಬಂದ್ ಮಾಡಿರಿ. ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬೇಡಿರಿ. ಕೆಲಸ ಕಲಿಯುವ ವಯಸ್ಸಿನಲ್ಲಿ ಬಿಸಿ ಮುಚ್ಚಳ ತೆರೆದು ಸುಟ್ಟುಕೊಂಡ ಗಾಯದ ಕಲೆ ನನ್ನ ಬಲಗೈ ಮೇಲೆ ಈಗಲೂ ಇದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ನಮ್ಮ ಹೆದ್ದಾರಿಗಳ ಪೆಟ್ರೋಲ್ ಬಂಕ್‌ಗಳು ಗಾಳಿ ಯಂತ್ರದ ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರ್ ಮತ್ತು ಬೆರೆಸಿ ಸಿದ್ಧಗೊಳಿಸಿದ ಕೂಲಂಟ್ ಡಬ್ಬಿಗಳನ್ನು ಬೇಸಿಗೆಯುದ್ದಕ್ಕೂ ಇಡಬೇಕೆಂದು ಕೋರುತ್ತೇನೆ. ಗ್ಯಾರೇಜಿನವರು ಎಂಜಿನ್ ಹೀಟ್ ಆದ ಕಾರಣವನ್ನು ಬಿಲ್ಲಿನಲ್ಲಿ ಬರೆದುಕೊಡಲಿ, ತೆಗೆದ ಬಿಡಿಭಾಗವನ್ನು ಗ್ರಾಹಕರ ಕೈಗೇ ಕೊಡಲಿ. ಹಳೆಯ ಕೂಲಂಟನ್ನು ಮಾತ್ರ ಯಾರೂ ರಸ್ತೆ ಬದಿಗೆ, ಚರಂಡಿಗೆ ಚೆಲ್ಲಬಾರದು. ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ, ಬೇಸಿಗೆಯಲ್ಲಿ ನೀರಿಗಾಗಿ ಅಲೆಯುವ ದನಗಳೂ ನಾಯಿಗಳೂ ಅದನ್ನು ನೆಕ್ಕಿ ಸಾಯುತ್ತವೆ.

— ಗ್ಯಾರೇಜ್ ಮೇಸ್ತ್ರಿಯೊಬ್ಬ, ಕಲಬುರಗಿ